ಪರಿಹಾರದ ಹಣ: ಹಕ್ಕೂ ಹೌದು, ಅಮಾನತ್ತೂ ಹೌದು



ನೆರೆ ಇಳಿದ ಮೇಲೆ, ಕುಸಿದ ಗುಡ್ಡದ ಮಣ್ಣು ತೆಗೆದ ಮೇಲೆ ಮನುಷ್ಯನಿಗೆ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ. ಮೊದಲ ಪರೀಕ್ಷೆ ಸಹನೆಯದ್ದು. ಅದರ ಕುರಿತು ನಾವು ಮಸೀದಿಗಳಲ್ಲಿ ಬೇಕಾದಷ್ಟು ಪ್ರವಚನಗಳನ್ನು ಕೇಳಿದ್ದೇವೆ. ಎರಡನೆಯ ಪರೀಕ್ಷೆ ಸತ್ಯಸಂಧತೆಯದ್ದು. ಪರಿಹಾರದ ಪಟ್ಟಿ ತಯಾರಾಗುವಾಗ, ಅಧಿಕಾರಿಗಳು ಮನೆ ನೋಡಲು ಬಂದಾಗ, ಬ್ಯಾಂಕಿನ ಖಾತೆಗೆ ಹಣ ಜಮೆಯಾದಾಗ ಈ ಪರೀಕ್ಷೆ ನಡೆಯುತ್ತದೆ. ಇದರಲ್ಲಿ ಮನೆ ಕಳೆದುಕೊಂಡವನು ಮಾತ್ರವಲ್ಲ, ಅವನ ನೆರೆಯವನೂ, ಊರಿನ ಮುಖಂಡನೂ, ಜಮಾಅತ್‌ನ ಪದಾಧಿಕಾರಿಯೂ ಪರೀಕ್ಷೆಗೆ ಒಳಗಾಗುತ್ತಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಬಿದ್ದವು. ಮರುವರ್ಷದ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. ರಾಜ್ಯದಲ್ಲಿ ಲಕ್ಷಕ್ಕೂ ಮಿಕ್ಕಿ ಮನೆಗಳು ಹಾನಿಗೊಂಡವು. ಮಂದಿರಕ್ಕೆ ಹೋಗುವವನ ಮನೆ, ಮಸೀದಿಗೆ ಹೋಗುವವನ ಮನೆ ಎಂದು ನೀರು ಭೇದ ಮಾಡಲಿಲ್ಲ. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಒಂದೇ ರಾತ್ರಿಯಲ್ಲಿ ಕೊಚ್ಚಿಹೋದವು. ಇಂಥ ದಿನಗಳು ಮತ್ತೆ ಬಾರದಿರಲಿ ಎಂದು ಪ್ರಾರ್ಥಿಸೋಣ. ಬಂದರೆ ಹೇಗೆ ನಡೆದುಕೊಳ್ಳಬೇಕೆಂದು ಈಗಲೇ ತಿಳಿದುಕೊಳ್ಳೋಣ.

ಕೇಳುವುದು ಅವಮಾನವೇ?

ನಮ್ಮಲ್ಲಿ ಅನೇಕ ಗೌರವಸ್ಥ ಕುಟುಂಬಗಳಿವೆ. ನಿನ್ನೆಯವರೆಗೆ ಇತರರಿಗೆ ಕೊಟ್ಟ ಕೈಯನ್ನು ಇಂದು ಚಾಚಲು ಅವರಿಗೆ ಮನಸ್ಸಾಗುವುದಿಲ್ಲ. ಪರಿಹಾರ ಕೇಂದ್ರದ ಸಾಲಿನಲ್ಲಿ ನಿಲ್ಲುವುದಕ್ಕಿಂತ ಉಪವಾಸವಿರುವುದೇ ಲೇಸೆಂದು ಅವರು ಭಾವಿಸುತ್ತಾರೆ. ಇಂಥವರನ್ನು ಪವಿತ್ರ ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಪ್ರಶಂಸಿಸಿದೆ. ಅವರ ಸ್ವಾಭಿಮಾನ ಕಂಡು ತಿಳಿಯದವರು ಅವರನ್ನು ಸ್ಥಿತಿವಂತರೆಂದು ಭಾವಿಸುತ್ತಾರೆ, ಮುಖಲಕ್ಷಣದಿಂದಷ್ಟೇ ಅವರನ್ನು ಗುರುತಿಸಬಹುದು ಎಂಬುದು ಅದರ ಆಶಯ.

ಆದರೆ ಆಪತ್ತಿಗೆ ಸಿಲುಕಿದವನು ಕೇಳಬಾರದೆಂದು ಇಸ್ಲಾಮ್ ಎಲ್ಲೂ ಹೇಳಿಲ್ಲ. ಖಬೀಸಾ ಬಿನ್ ಮುಖಾರಿಕ್(ರ) ಎಂಬ ಅನುಚರರು ಇತರರ ಜಗಳ ತೀರಿಸಲು ಹಣದ ಹೊಣೆ ಹೊತ್ತು, ಅದನ್ನು ತೀರಿಸಲಾಗದೆ ಪ್ರವಾದಿವರ್ಯರ(ಸ) ಬಳಿಗೆ ಬಂದರು. ಸದಕಾದ ಹಣ ಬರುವ ತನಕ ಇಲ್ಲಿರಿ, ಬಂದೊಡನೆ ಕೊಡಿಸುತ್ತೇನೆ ಎಂದು ಪ್ರವಾದಿವರ್ಯರು(ಸ) ಅವರಿಗೆ ಭರವಸೆ ಕೊಟ್ಟರು. ಅನಂತರ ಕೇಳಲು ಅರ್ಹರಾದ ಮೂವರನ್ನು ತಿಳಿಸಿದರು. ಇಂಥ ಹೊಣೆ ಹೊತ್ತವನು ಒಬ್ಬ. ವಿಪತ್ತಿನಿಂದ ಸೊತ್ತೆಲ್ಲವೂ ನಾಶವಾದವನು ಇನ್ನೊಬ್ಬ. ಹೊಟ್ಟೆಗಿಲ್ಲದ ಸ್ಥಿತಿಗೆ ಬಂದಿದ್ದಾನೆಂದು ತನ್ನವರಲ್ಲಿ ಮೂವರು ವಿವೇಕಿಗಳು ಸಾಕ್ಷಿ ಹೇಳುವಂಥವನು ಮೂರನೆಯವನು. ಜೀವನಕ್ಕೆ ಆಧಾರ ಸಿಗುವ ತನಕ ಇವರು ಕೇಳಬಹುದು, ಅದನ್ನು ಮೀರಿ ಕೇಳಿ ಪಡೆದದ್ದು ನಿಷಿದ್ಧ ಎಂದು ಅವರು ಎಚ್ಚರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಹದೀಸ್.

ವಿಪತ್ತಿನಲ್ಲಿ ಸೊತ್ತು ಕಳೆದುಕೊಂಡವನ ಹೆಸರನ್ನು ಪ್ರವಾದಿವರ್ಯರೇ(ಸ) ಹೀಗೆ ಎತ್ತಿ ಹೇಳಿರುವಾಗ ಅವನು ನಾಚಿಕೊಳ್ಳಬೇಕಾದುದೇನು? ಸರಕಾರದ ಪರಿಹಾರವಂತೂ ಯಾರದೋ ಕೃಪೆಯಲ್ಲ. ಅದು ಜನರ ತೆರಿಗೆಯಿಂದ ಕೂಡಿದ ನಿಧಿ. ಆದರೆ ಇದೇ ಹದೀಸ್ ಹಕ್ಕಿಗೆ ಎರಡು ಮೇರೆಗಳನ್ನೂ ಹಾಕಿದೆ. ಒಂದು, ಆಧಾರ ಸಿಗುವ ತನಕ ಮಾತ್ರ. ಇನ್ನೊಂದು, ಸತ್ಯವಾದ ಸಾಕ್ಷ್ಯ.

ಒಂದು ಅಕ್ಷರದ ಬೆಲೆ

2019ರಲ್ಲಿ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಲಾಗಿತ್ತು. ಪೂರ್ತಿ ನಾಶವಾದ ಮನೆಗೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅಲ್ಪ ಹಾನಿಯ ಮನೆಗೆ 50 ಸಾವಿರ. ರಾಜ್ಯ ವಿಪತ್ತು ಸ್ಪಂದನ ನಿಧಿಗೆ ಕೇಂದ್ರವು 2022ರಿಂದ 2026ರ ವರೆಗೆ ಗೊತ್ತುಪಡಿಸಿದ ನಿಯಮದಲ್ಲಿ ಪೂರ್ತಿ ನಾಶವಾದ ಮನೆಗೆ ಬಯಲು ಸೀಮೆಯಲ್ಲಿ 1 ಲಕ್ಷ 20 ಸಾವಿರ, ಗುಡ್ಡಗಾಡಿನಲ್ಲಿ 1 ಲಕ್ಷ 30 ಸಾವಿರ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ ಕೇವಲ 6,500.

ಈ ಅಂತರವನ್ನು ಗಮನಿಸಿರಿ. ಶೈತಾನನು ಕುಳಿತುಕೊಳ್ಳುವುದು ಇಲ್ಲಿಯೇ. ಒಂದು ಗೋಡೆ ಮಾತ್ರ ಬಿದ್ದಿದೆ, ಉಳಿದುದನ್ನು ನಾವೇ ಕೆಡವಿದರೆ ಯಾರಿಗೆ ಗೊತ್ತಾಗುತ್ತದೆ? ಹಳೆಯ ಕೊಟ್ಟಿಗೆಯನ್ನು ವಾಸದ ಮನೆ ಎಂದು ಬರೆಸಿದರೇನು? ಒಂದೇ ಅಡುಗೆಮನೆಯ ಕುಟುಂಬವನ್ನು ಮೂರು ಕುಟುಂಬವೆಂದು ತೋರಿಸಿದರೇನು? ಸರಕಾರದ ಹಣ ತಾನೇ, ಎಲ್ಲರೂ ಮಾಡುತ್ತಾರೆ ತಾನೇ?

ವ್ಯಾಜ್ಯ ತಂದ ಇಬ್ಬರಿಗೆ ಪ್ರವಾದಿವರ್ಯರು(ಸ) ಹೇಳಿದ ಮಾತನ್ನು ಉಮ್ಮು ಸಲಮಾ(ರ) ವರದಿ ಮಾಡಿದ್ದಾರೆ. ತಾನೂ ಒಬ್ಬ ಮನುಷ್ಯ, ಒಬ್ಬನ ವಾದ ಚಾತುರ್ಯ ಕೇಳಿ ಅವನ ಪರ ತೀರ್ಪು ಕೊಟ್ಟುಬಿಡಬಹುದು, ಹಾಗೆ ಸಹೋದರನ ಹಕ್ಕು ಅವನ ಕೈಸೇರಿದರೆ ಅದು ಬೆಂಕಿಯ ತುಂಡು ಎಂದು ಅವರು ಎಚ್ಚರಿಸಿದರು. ಪ್ರವಾದಿಯ ತೀರ್ಪಿನಿಂದಲೇ ಹರಾಮ್ ಹಲಾಲ್ ಆಗುವುದಿಲ್ಲವಾದರೆ, ಇಂಜಿನಿಯರ್‌ರ ಸಹಿಯಿಂದಲೋ ತಹಶೀಲ್ದಾರರ ಆದೇಶದಿಂದಲೋ ಆಗುವುದುಂಟೇ? ಸುಳ್ಳು ಹೇಳಿ ಮನೆಗೆ ಹಾಸಿದ ಛಾವಣಿಯ ಕೆಳಗೆ ನಾವು ನಮಾಝ್ ಮಾಡುತ್ತೇವೆ, ಮಕ್ಕಳಿಗೆ ಕುರ್‌ಆನ್ ಕಲಿಸುತ್ತೇವೆ. ಆ ಛಾವಣಿ ಯಾರದ್ದೆಂದು ಒಮ್ಮೆ ಯೋಚಿಸಬೇಡವೇ? ಸುಳ್ಳು ಅರ್ಜಿಗಳು ಹೆಚ್ಚಿದಂತೆ ತನಿಖೆ ಬಿಗಿಯಾಗುತ್ತದೆ, ಕಾಗದಪತ್ರ ಸರಿಯಿಲ್ಲದ ನಿಜವಾದ ಸಂತ್ರಸ್ತನ ಅರ್ಜಿ ತಿರಸ್ಕೃತವಾಗುತ್ತದೆ. ನಮ್ಮ ಸುಳ್ಳಿನ ಬೆಲೆ ತೆರುವವನು ಅವನು.

ಲಂಚದ ವಿಷಯವೂ ಹೀಗೆಯೇ. ಇತರರ ಸೊತ್ತನ್ನು ಕಬಳಿಸಲು ಅಧಿಕಾರಿಗಳ ಮುಂದೆ ಹಣ ಒಯ್ಯುವುದನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ. ‘ನಾನು ಮಾಡಿಸಿಕೊಡುತ್ತೇನೆ’ ಎಂದು ಸಂತ್ರಸ್ತರಿಂದ ಪಾಲು ಕೇಳುವ ಮಧ್ಯವರ್ತಿ ನಮ್ಮವನೇ ಆಗಿದ್ದರೂ ಅವನನ್ನು ತಡೆಯುವುದು ನಮ್ಮ ಕರ್ತವ್ಯ.

ಜಮಾಅತ್‌ನ ಹೊಣೆ

ಪರಿಹಾರ ತಪ್ಪಿಹೋಗುವುದು ಬಡವನಿಗೆ. ಅವನಿಗೆ ಓದು ಬರಹವಿಲ್ಲ, ಕಾಗದಗಳು ನೀರುಪಾಲಾಗಿವೆ, ಕಚೇರಿಗೆ ಹೋದರೆ ಅಂದಿನ ಕೂಲಿ ಹೋಗುತ್ತದೆ. ಇಲ್ಲಿ ಮೊಹಲ್ಲಾದ ವಿದ್ಯಾವಂತ ಯುವಕರು ಮಾಡಬಹುದಾದ ಸೇವೆ ದೊಡ್ಡದು. ಅವಶೇಷ ತೆರವು ಮಾಡುವ ಮೊದಲೇ ಮನೆಯ ಫೋಟೋ ತೆಗೆಯಬೇಕು. ಗ್ರಾಮ ಆಡಳಿತಾಧಿಕಾರಿಗೆ ತಡಮಾಡದೆ ತಿಳಿಸಿ, ಸಮೀಕ್ಷೆಯ ದಿನ ಮನೆಯವರು ಸ್ಥಳದಲ್ಲಿರುವಂತೆ ನೋಡಿಕೊಳ್ಳಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಂಚಾಯತಿನ ಮನೆ ತೆರಿಗೆ ರಶೀದಿ ಇವುಗಳ ನಕಲು ಸಿದ್ಧಪಡಿಸಬೇಕು. ಕಳೆದುಹೋಗಿದ್ದರೆ ಹೊಸ ಪ್ರತಿಗೆ ಅರ್ಜಿ ಕೊಡಿಸಬೇಕು. ಕೊಟ್ಟ ಪ್ರತಿ ಅರ್ಜಿಗೂ ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ತಹಶೀಲ್ದಾರರಿಗೂ ಅನಂತರ ಜಿಲ್ಲಾಧಿಕಾರಿಗೂ ಲಿಖಿತ ಮನವಿ ಸಲ್ಲಿಸಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ.

ಬಾಡಿಗೆದಾರರನ್ನು ಮರೆಯದಿರೋಣ. ಮನೆಯ ಪರಿಹಾರ ಮಾಲಕನಿಗೆ ಸೇರಿದ್ದು ನಿಜ. ಆದರೆ ಬಟ್ಟೆಬರೆ, ಪಾತ್ರೆಪಗಡಿಗೆಂದು ಕೊಡುವ ಹಣ ಅದನ್ನು ಕಳೆದುಕೊಂಡ ಕುಟುಂಬದ್ದು. 2019ರಲ್ಲಿ ರಾಜ್ಯ ಸರಕಾರ ಈ ತುರ್ತು ನೆರವನ್ನು 10 ಸಾವಿರ ರೂಪಾಯಿಗೆ ಏರಿಸಿತ್ತು. ಬಾಡಿಗೆಗಿದ್ದವನ ಪಾತ್ರೆ ತೇಲಿಹೋಗಿ, ಮಾಲಕನು ಹಣ ಪಡೆದರೆ ಅದು ಅನ್ಯಾಯ.

ಇನ್ನೊಂದು ಸಂಗತಿಯಿದೆ. ಮನೆ ಕಟ್ಟುವ ಹಣ ಒಂದೇ ಸಲ ಕೈಗೆ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ ಎಂದು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಬರುತ್ತದೆ. ಒಂದು ಕಂತು ಮುಗಿದು ಇನ್ನೊಂದು ಬರುವ ನಡುವೆ ಕೆಲಸ ನಿಲ್ಲುತ್ತದೆ. ಆಗ ಬಡವನು ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ಪರಿಹಾರವೆಲ್ಲ ಬಡ್ಡಿಗೆ ಹೋಗಿ ಮನೆ ಅರ್ಧಕ್ಕೇ ನಿಲ್ಲುತ್ತದೆ. ಜಮಾಅತ್‌ಗಳು ಒಂದು ಸಣ್ಣ ನಿಧಿ ಕೂಡಿಸಿ ಬಡ್ಡಿರಹಿತ ಸಾಲ ಕೊಟ್ಟು, ಕಂತು ಬಂದೊಡನೆ ಹಿಂಪಡೆದರೆ ಅದೇ ಹಣದಿಂದ ಎಷ್ಟೋ ಮನೆಗಳು ಎದ್ದುನಿಲ್ಲುತ್ತವೆ. ಝಕಾತ್‌ನ ಹಣವನ್ನು ಅದರ ನಿಶ್ಚಿತ ಬಾಬತ್ತುಗಳಲ್ಲೇ ವಿನಿಯೋಗಿಸಬೇಕು. ಸದಕಾದ ಬಾಗಿಲಾದರೋ ಎಲ್ಲ ಧರ್ಮದವರಿಗೂ ತೆರೆದಿದೆ. ಪಕ್ಕದ ಮನೆಯ ಹಿಂದೂ ಸಹೋದರನ ಅರ್ಜಿ ಬರೆದುಕೊಡುವುದೂ ನಮಗೆ ಪುಣ್ಯವೇ.

ವಿಧವೆ ಮತ್ತು ಅನಾಥರ ಪಾಲು

ವಿಪತ್ತಿನಲ್ಲಿ ಮೃತರಾದವರ ಕುಟುಂಬಕ್ಕೆ ಅದೇ ನಿಯಮಾವಳಿಯಂತೆ 4 ಲಕ್ಷ ರೂಪಾಯಿ ನಿಗದಿಯಾಗಿತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಇದ್ದತ್‌ನಲ್ಲಿರುವಾಗ ಅವಳ ಪರವಾಗಿ ಕಚೇರಿ ಅಲೆಯುವವರು ಯಾರು? ಅನಿವಾರ್ಯವಾದರೆ ಹಗಲಿನಲ್ಲಿ ಹೊರಹೋಗಲು ಧರ್ಮ ಅವಳಿಗೆ ಅವಕಾಶ ಕೊಟ್ಟಿದೆ. ಆದರೂ ಅವಳ ಮನೆ ಬಾಗಿಲಿಗೆ ಹೋಗಿ ಕೆಲಸ ಮಾಡಿಕೊಡುವುದು ನಮ್ಮ ಹೊಣೆ. ಹಣ ಅವಳ ಖಾತೆಗೇ ಜಮೆಯಾಗಬೇಕು. ಮೈದುನನ ಖಾತೆಗೋ ಮಾವನ ಖಾತೆಗೋ ಅಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ ಕುರ್‌ಆನಿನ ಎಚ್ಚರಿಕೆ ಸಂಬಂಧಿಕರಿಗೂ ಅನ್ವಯಿಸುತ್ತದೆ.

ಹಿಜ್ರಿ 18ರಲ್ಲಿ ಮದೀನಾ ಪ್ರದೇಶಕ್ಕೆ ಭೀಕರ ಕ್ಷಾಮ ಬಂತು. ಖಲೀಫಾ ಉಮರ್(ರ) ಈಜಿಪ್ಟ್ ಮತ್ತು ಸಿರಿಯಾದಿಂದ ಧಾನ್ಯ ತರಿಸಿ ಹಂಚಿದರು. ಜನರ ಕಷ್ಟ ನೀಗುವ ತನಕ ತಾವು ತುಪ್ಪ ಮುಟ್ಟಲಿಲ್ಲ. ಪರಿಹಾರ ಹಂಚುವವನ ತಟ್ಟೆ ಸಂತ್ರಸ್ತನ ತಟ್ಟೆಗಿಂತ ತುಂಬಿರಬಾರದೆಂಬ ಪಾಠ ಅದರಲ್ಲಿದೆ. ನಮ್ಮ ಸಮಿತಿಗಳು ಬಂದ ಹಣ, ಕೊಟ್ಟ ಹಣ ಎರಡರ ಲೆಕ್ಕವನ್ನೂ ಜುಮಾದ ದಿನ ಜನರ ಮುಂದಿಡಲಿ. ಪಡೆದವರ ಹೆಸರನ್ನು ಸಾರುವ ಅಗತ್ಯವಿಲ್ಲ. ಕೊಡುವಾಗ ಫೋಟೋ ತೆಗೆದು ಅವರ ಮಾನ ಕಳೆಯುವುದೂ ಬೇಡ.

ಓದುಗ ಮಿತ್ರರೇ, ನಿಮ್ಮ ಮನೆ ಬಿದ್ದಿದ್ದರೆ ತಲೆಯೆತ್ತಿ ನಿಮ್ಮ ಹಕ್ಕನ್ನು ಕೇಳಿರಿ. ಬಿದ್ದಷ್ಟನ್ನೇ ಹೇಳಿರಿ. ನಿಮ್ಮ ಮನೆ ನಿಂತಿದ್ದರೆ ಅಲ್ಲಾಹನನ್ನು ಸ್ತುತಿಸಿರಿ, ಬಿದ್ದ ಮನೆಯವನ ಜೊತೆ ಕಚೇರಿಗೆ ಹೋಗಿರಿ. ಸಾಕ್ಷಿ ಹೇಳಬೇಕಾಗಿ ಬಂದರೆ ನಿಮ್ಮ ಸ್ವಂತದವರ ವಿರುದ್ಧವಾದರೂ ಸತ್ಯವನ್ನೇ ಹೇಳಿರಿ. ಈ ಲೋಕದ ಸಮೀಕ್ಷೆ ತಪ್ಪಬಹುದು, ಪರಲೋಕದ ಸಮೀಕ್ಷೆಯಲ್ಲಿ ಒಂದು ಇಟ್ಟಿಗೆಯೂ ಲೆಕ್ಕ ತಪ್ಪದು.

ಮನೆ ಕಳೆದುಕೊಂಡವರಿಗೆ ಅಲ್ಲಾಹನು ಉತ್ತಮವಾದ ಮನೆಯನ್ನು ದಯಪಾಲಿಸಲಿ. ನಮ್ಮ ಸಂಪಾದನೆಯನ್ನು ಹರಾಮ್‌ನಿಂದ ಕಾಪಾಡಲಿ. ಆಮೀನ್.