ಶಿಲೆಯ ವರ್ಗ, ಮನುಷ್ಯನ ವರ್ಗ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ, ಹೊಸೂರಿನ ಮೂಲಕ ಕೃಷ್ಣಗಿರಿಯತ್ತ ಸಾಗುವ ಹೆದ್ದಾರಿಯಲ್ಲಿ ಶೂಲಗಿರಿ ಎಂಬ ಊರುಂಟು. 2008ನೆಯ ಇಸವಿ ಸೆಪ್ಟೆಂಬರ್ 12ರಂದು ಅದರ ನೆರೆಯಲ್ಲಿ ಆಕಾಶದಿಂದ ಕಲ್ಲು ಬಿದ್ದಿತು. ಶಾಸ್ತ್ರಜ್ಞರು ಅದನ್ನು ‘ಎಲ್‌ಎಲ್ 6’ ಎಂಬ ವರ್ಗಕ್ಕೆ ಸೇರಿಸಿದರು. ಜೋಡಿ ಎಲ್ ಅಕ್ಷರಗಳು ಒಟ್ಟು ಕಬ್ಬಿಣವೂ ಬಿಡಿ ಲೋಹವೂ ಅಲ್ಪವೆಂಬುದನ್ನು ಸೂಚಿಸುತ್ತವೆ; ಆರೆಂಬ ಅಂಕಿಯು, ಮಾತೃಪಿಂಡದ ಒಡಲಿನ ಶಾಖದಲ್ಲಿ ಶಿಲೆಯು ಬೆಂದು, ಅದರೊಳಗಣ ದುಂಡುಕಣಗಳ ಅಂಚು ಮಾಸಿರುವುದನ್ನು.

ಇದನ್ನರಿಯಲು ಕಲ್ಲಿನ ಚೂರೊಂದನ್ನು ಸೀಳಿ, ಬೆಳಕು ಹಾಯುವಷ್ಟು ತೆಳುವಾಗಿ ತೇಯಬೇಕು. ಹಾಗಾದರೆ ವರ್ಗೀಕರಣವು ಅನ್ಯಾಯವೆ? ಅಲ್ಲ. ಒಂಟಿ ಕಲ್ಲು ಮೂಕ. ಬಂಧುಗಳ ನಡುವೆ ನಿಲ್ಲಿಸಿದಾಗಲೇ ಅದು ಸುಮಾರು 450 ಕೋಟಿ ವರ್ಷಗಳ ವೃತ್ತಾಂತವನ್ನು ನುಡಿಯುವುದು.

ಆದರೆ ಅದೇ ದಾರಿಯ ಕಾರ್ಖಾನೆಗಳ ಬಾಗಿಲಲ್ಲಿ ಮನುಷ್ಯರನ್ನೂ ವಿಂಗಡಿಸುತ್ತೇವೆ: ಇವನು ಖಾಯಂ, ಅವನು ಗುತ್ತಿಗೆ. ಕಲ್ಲಿಗೆ ತನ್ನ ಹೆಸರು ಕೇಳಿಸದು. ಮನುಷ್ಯನಿಗೆ ಕೇಳಿಸುತ್ತದೆ, ಕೇಳುತ್ತ ಕೇಳುತ್ತ ಅವನು ಅದರ ಅಳತೆಗೇ ಕುಗ್ಗುತ್ತಾನೆ. ಕಲ್ಲಿನ ವರ್ಗವನ್ನು ಹೇಳುವ ಮುನ್ನ ಅದರ ಒಳಗನ್ನು ನೋಡುವೆವು. ಮನುಷ್ಯನನ್ನಾದರೋ ಕೊರಳಿನ ಗುರುತುಚೀಟಿಯಿಂದಲೇ ತೀರ್ಮಾನಿಸುವೆವು. ಶಿಲೆಗೆ ಸಲ್ಲಿಸುವ ತಾಳ್ಮೆಯನ್ನು ನೆರೆಯವನಿಗೂ ಸಲ್ಲಿಸುವುದು ಧರ್ಮವಲ್ಲವೆ?