ತಾಯಿಗೊಂದು, ತಮ್ಮನಿಗೊಂದು

ಪರದೇಶದಲ್ಲಿ ದುಡಿಯುವ ಹುಡುಗರು ರಜೆಗೆ ಊರಿಗೆ ಬರುವಾಗ ಎರಡು ಸಾಮಾನುಗಳನ್ನು ತಪ್ಪದೆ ತರುತ್ತಾರೆ. ಒಂದು, ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆ. ಅದರಲ್ಲಿ ಖರ್ಜೂರ, ಸೆಂಟಿನ ಬಾಟಲಿ, ನಮ್ಮ ಸೇಡಂನ ಬಿಸಿಲಿಗೆ ಎಂದೂ ಬೇಕಾಗದಂಥ ದಪ್ಪ ಕಂಬಳಿ. ಇನ್ನೊಂದು, ನಗೆಕಥೆಗಳ ಗಂಟು. ಪೆಟ್ಟಿಗೆ ಎರಡು ದಿನಕ್ಕೆ ಬರಿದಾಗುತ್ತದೆ. ಗಂಟು ಮಾತ್ರ ರಜೆ ಮುಗಿಯುವತನಕ ಬಿಚ್ಚಿದಷ್ಟೂ ಉಳಿದಿರುತ್ತದೆ. ಸಂಜೆ ಕಟ್ಟೆಯ ಮೇಲೆ ಕೂತು ಓಣಿಯೆಲ್ಲ ಕೇಳುತ್ತದೆ, ನಗುತ್ತದೆ. ಪಾಠ ಹೇಳಿದ ತಪ್ಪಿಗೆ ನನಗೂ ಒಂದು ಖುರ್ಚಿ ಹಾಕುತ್ತಾರೆ.

ಇಷ್ಟು ವರ್ಷ ಕೇಳಿದ ಮೇಲೆ ನನ್ನಲ್ಲಿ ಒಂದು ಪ್ರಶ್ನೆ ಹುಟ್ಟಿದೆ. ಎರಡು ವರ್ಷ ಪರದೇಶದಲ್ಲಿದ್ದವನ ಬದುಕಿನಲ್ಲಿ ನಗು ಬಿಟ್ಟು ಬೇರೇನೂ ನಡೆದಿರುವುದಿಲ್ಲವೆ? ನಡೆದಿದ್ದೂ ಹೇಳದಿದ್ದರೆ ಅದಕ್ಕೆ ಏನೆನ್ನಬೇಕು? ಅರ್ಧ ಹೇಳಿ ಅರ್ಧ ಬಿಟ್ಟ ಮಾತು ಸುಳ್ಳೆ, ಅಥವಾ ಅದೂ ಒಂದು ಬಗೆಯ ಪ್ರೀತಿಯೆ?

ಪ್ರಶ್ನೆಗೆ ಹೋಗುವ ಮೊದಲು ಕಥೆಗಳನ್ನೇ ಒಂದಿಷ್ಟು ಕೇಳಿ. ದುಬೈಯ ಒಂದು ಕಾರ್ಮಿಕರ ವಸತಿಯಲ್ಲಿ ನಮ್ಮ ಕಡೆಯ ನಾಲ್ಕು ಹುಡುಗರು ರಜೆಯ ದಿನ ಜೋಳದ ರೊಟ್ಟಿ ಬಡಿಯಲು ಕೂತರಂತೆ. ಹಿಟ್ಟು ಊರಿನಿಂದ ಹೋದದ್ದು. ಕೊಣಮಿಗೆ ಇಲ್ಲದ್ದಕ್ಕೆ ಸ್ಟೀಲಿನ ತಾಟು ಬೋರಲು ಹಾಕಿದ್ದಾರೆ. ರಪ್ ರಪ್ ಸದ್ದಿಗೆ ಪಕ್ಕದ ಕೋಣೆಯ ಈಜಿಪ್ತಿನವ ಓಡಿಬಂದು ಬಾಗಿಲು ಬಡಿದ: "ಒಳಗೆ ಯಾರನ್ನು ಹೊಡೀತಿದ್ದೀರಿ?" ಇವರು ರೊಟ್ಟಿ ತೋರಿಸಿ, ಶೇಂಗಾ ಹಿಂಡಿ ಹಚ್ಚಿ ಕೊಟ್ಟರು. ಅವ ಕಣ್ಣೀರು ಸುರಿಸುತ್ತ ತಿಂದ. ಮುಂದಿನ ವಾರ ಸದ್ದು ಕೇಳಿದೊಡನೆ ತಾಟು ಹಿಡಿದುಕೊಂಡೇ ಬಂದ.

ಇನ್ನೊಬ್ಬ ರಿಯಾದಿನಲ್ಲಿದ್ದಾನೆ. ಸೇಡಂನವರಿಗೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ನಾಲಿಗೆಯ ಮೇಲೆ ಒಟ್ಟಿಗೇ ಇರುತ್ತವೆ. ಹೋಟೆಲಿನ ಪೇಶಾವರದ ಪಠಾಣ ಇನ್ನೊಂದು ಚಹಾ ಬೇಕೇ ಎಂದು ಕೇಳಿದಾಗ ಇವನು ರೂಢಿಯಂತೆ "ನಕ್ಕೋ ಭಾಯಿ" ಅಂದ. ಬೇಡ ಎನ್ನುವುದಕ್ಕೆ ಇದು ನಮ್ಮ ದಖನಿಯ ಮಾತು. ಪಠಾಣ ಒಳಗೆ ಹೋಗಿ ವಿಚಾರಿಸಿ ಬಂದು ಬಹಳ ವಿನಯದಿಂದ ಹೇಳಿದನಂತೆ, "ನಕ್ಕೋ ಮುಗಿದಿದೆ, ಪರೋಟ ಇದೆ, ತರಲೆ?"

ಹೆಣ್ಣುಮಕ್ಕಳೂ ಈಗ ಹಿಂದೆ ಬಿದ್ದಿಲ್ಲ. ನನ್ನ ಕೈಯಲ್ಲಿ ಕಲಿತವಳೊಬ್ಬಳು ಎಂಜಿನಿಯರ್ ಆಗಿ ಜರ್ಮನಿಗೆ ಹೋದಳು. ಅಲ್ಲಿ ಭಾನುವಾರವೆಂದರೆ ಸದ್ದು ಮಾಡಬಾರದ ದಿನ. ಗೋಡೆಗೆ ಮೊಳೆ ಹೊಡೆದರೂ ನೆರೆಯವರು ಆಕ್ಷೇಪಿಸುತ್ತಾರೆ. ಇದು ತಿಳಿಯದ ಹುಡುಗಿ ಭಾನುವಾರ ಬೆಳಿಗ್ಗೆ ಪುಟ್ಟ ಒರಳಿನಲ್ಲಿ ಬೆಳ್ಳುಳ್ಳಿ ಖಾರ ಕುಟ್ಟಿದಳು. ಮಧ್ಯಾಹ್ನ ಬಾಗಿಲ ಸಂದಿನಲ್ಲಿ ಒಂದು ಚೀಟಿ. ಜರ್ಮನ್ ಇನ್ನೂ ಬಾರದ ಅವಳು ಕೆಳಮನೆಯ ಅಜ್ಜಿ ಚಹಾಕ್ಕೆ ಕರೆದಿದ್ದಾಳೆ ಎಂದುಕೊಂಡು, ಸೀರೆ ಉಟ್ಟು, ಬೇಸನ್ ಉಂಡಿ ತಾಟಿನಲ್ಲಿಟ್ಟುಕೊಂಡು ಹೋದಳು. ಅಜ್ಜಿ ಉಂಡಿ ತಿಂದು ಮುಗಿಸಿ, ಆಮೇಲೆ ಚೀಟಿಯನ್ನು ನಿಧಾನವಾಗಿ ಓದಿ ಅರ್ಥ ಹೇಳಿದಳಂತೆ. ಅದೇ ಹುಡುಗಿ, ಖಾಲಿ ಪ್ಲಾಸ್ಟಿಕ್ ಬಾಟಲಿ ಮರಳಿಸಿದರೆ ಅಂಗಡಿಯವರು ೨೫ ಸೆಂಟ್ ಕೊಡುತ್ತಾರೆಂದು ತಿಳಿದ ದಿನದಿಂದ ಸಹೋದ್ಯೋಗಿಗಳ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹೊತ್ತು ತರತೊಡಗಿದಳು. "ಇಷ್ಟು ಸಂಬಳ ಇದ್ದು ಇದೇನವ್ವ?" ಎಂದರೆ, "ಟೀಚರ್, ಶಹಾಬಾದಿನ ಹುಡುಗಿ ಎಲ್ಲಿ ಹೋದ್ರೂ ಲೆಕ್ಕ ಬಿಡೂದಿಲ್ರಿ" ಎಂದು ನಕ್ಕಳು.

ಬೇರೆ ನಾಡಿಗೆ ಹೋದವರು ಮನೆಗೆ ಸೋಜಿಗವನ್ನು ಹೊತ್ತು ತರುವುದು ಹೊಸದಲ್ಲ. ಸುಮಾರು ೮೫೧ರಲ್ಲಿ ಬರೆದ ಒಂದು ಅರಬ್ಬಿ ವೃತ್ತಾಂತ ಸುಲೈಮಾನನೆಂಬ ವ್ಯಾಪಾರಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು ಅದು ಬಲ್ಹರನನ್ನು, ಎಂದರೆ ನಮ್ಮ ಮಳಖೇಡದ ರಾಷ್ಟ್ರಕೂಟ ದೊರೆಯನ್ನು ಎಣಿಸುತ್ತದೆ. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಅಷ್ಟು ದೊಡ್ಡ ದೊರೆಗೆ ಆ ವೃತ್ತಾಂತ ಕೊಟ್ಟ ಬಿರುದು ಮಾತ್ರ 'ಕಿವಿ ಚುಚ್ಚಿಸಿಕೊಂಡವರ ರಾಜ' ಎಂದು! ಬಂದರಿನಿಂದ ಬಂದರಿಗೆ ಅಲೆದ ಅರಬ್ಬರಿಗೆ ನಮ್ಮಲ್ಲಿ ಮೊದಲು ಕಂಡದ್ದು ಕಿವಿಯ ತೂತು. ಬಾಗ್ದಾದಿನ ಕಟ್ಟೆಯ ಮೇಲೆ ಕೂತು ಯಾರೋ ಈ ಮಾತು ಕೇಳಿ ನಕ್ಕಿರಬೇಕು. ಆಗ ಅವರು ಇಲ್ಲಿಗೆ ಬರುತ್ತಿದ್ದರು. ಈಗ ಕಾಗಿಣಾ ದಂಡೆಯ ಹುಡುಗರು ಅಲ್ಲಿಗೆ ಹೋಗುತ್ತಾರೆ.

ಆ ಪ್ರಯಾಣಿಕರು ಹಡಗಿನಲ್ಲಿ ಪಟ್ಟ ಪಾಡು ಎಷ್ಟೋ. ನಮ್ಮ ಹುಡುಗರ ಕಥೆಯಲ್ಲೂ ಹಾಗೆಯೇ ಎಷ್ಟೋ ಮಾತು ಅಡಗಿರುತ್ತದೆ. ಬಿಸಿಲಿನ ಮಾತು ಬಂದರೆ, "ನಮ್ಮೂರ ಬಿಸಲಾಗ ಬಿ.ಎ. ಮುಗಿಸೀನ್ರಿ, ಅಲ್ಲಿ ಎಂ.ಎ. ಮಾಡ್ಲಾಕತ್ತೀನಿ" ಎಂದು ಒಬ್ಬ ನಗಿಸುತ್ತಾನೆ. ಯು.ಎ.ಇ.ಯಲ್ಲಿ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ನಿಯಮ ಮಾಡಿದೆ. ಅಂಥ ನಿಯಮ ಬೇಕಾಗುವಷ್ಟು ಆ ಬಿಸಿಲು ಕೆಟ್ಟದ್ದು. ಎಂ.ಎ. ಎಂಬ ನಗೆಯ ಒಳಗೆ ಇರುವುದು ಅದು.

ಮಹಾತ್ಮ ಗಾಂಧಿಯವರ ಆತ್ಮಕಥೆಯನ್ನು ಓದಿದವರಿಗೆ ಇದು ಹೊಸದಲ್ಲ. ೧೮೮೮ರ ಸೆಪ್ಟೆಂಬರ್ ಕೊನೆಗೆ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಇಂಗ್ಲೆಂಡಿನಲ್ಲಿ ಹಡಗಿನಿಂದ ಇಳಿದದ್ದು ಬಿಳಿಯ ಫ್ಲಾನೆಲ್ ಬಟ್ಟೆಯಲ್ಲಿ. ಇಡೀ ದಂಡೆಯಲ್ಲಿ ಬಿಳಿ ತೊಟ್ಟವನು ಅವನೊಬ್ಬನೇ. ಬೇರೆ ಬಟ್ಟೆಗಳಿದ್ದ ಪೆಟ್ಟಿಗೆ ಮುಂದೆ ಹೋಗಿಬಿಟ್ಟಿದೆ. ಮರುದಿನ ಭಾನುವಾರವಾದ್ದರಿಂದ ಸಿಗುವಂತಿಲ್ಲ. ಅಂದು ಸಂಜೆ ಕಾಣಲು ಬಂದ ಡಾ. ಪ್ರಾಣಜೀವನ ಮೆಹ್ತಾ ಅವರ ನುಣುಪಾದ ಎತ್ತರದ ಟೊಪ್ಪಿಗೆಯನ್ನು ಕೈಗೆತ್ತಿಕೊಂಡು ಉಲ್ಟಾ ಸವರಿ ಅದರ ರೋಮವನ್ನೆಲ್ಲ ಕೆದರಿಬಿಟ್ಟ. ಮೆಹ್ತಾರಿಗೆ ಸಿಟ್ಟು ಬಂತು. ಪರರ ವಸ್ತು ಮುಟ್ಟಬಾರದು, ಗಟ್ಟಿಯಾಗಿ ಮಾತಾಡಬಾರದು ಎಂಬ ಪಾಠ ಅಲ್ಲಿಂದಲೇ ಶುರುವಾಯಿತು. ಓದುವಾಗ ನಗು ಬರುತ್ತದೆ. ಆದರೆ ಆ ಭಾಗದಲ್ಲಿಯೇ, ರಾತ್ರಿ ಮನೆಯನ್ನೂ ತಾಯಿಯನ್ನೂ ನೆನೆದು ಅತ್ತದ್ದನ್ನು, ಆ ದುಃಖವನ್ನು ಯಾರಿಗೂ ಹೇಳಲಾಗದೆ ಹೋದದ್ದನ್ನು ಗಾಂಧಿಯವರು ಬರೆಯುತ್ತಾರೆ. ಟೊಪ್ಪಿಗೆಯನ್ನೂ ಕಣ್ಣೀರನ್ನೂ ಒಟ್ಟಿಗೇ ಹೇಳಲು ಅವರಿಗೆ ೧೯೨೫ರ ವಯಸ್ಸು ಬೇಕಾಯಿತು.

ಮುಚ್ಚಿಡುವುದು ಹೋದವರು ಮಾತ್ರವಲ್ಲ, ಉಳಿದವರೂ. ಗಾಂಧಿ ಇಂಗ್ಲೆಂಡಿನಲ್ಲಿದ್ದಾಗಲೇ ತಾಯಿ ತೀರಿಕೊಂಡರು. ಪರದೇಶದಲ್ಲಿ ಒಂಟಿಯಾಗಿ ಆ ಪೆಟ್ಟು ತಿನ್ನುವುದು ಬೇಡವೆಂದು ಅಣ್ಣ ಸುದ್ದಿ ತಿಳಿಸಲೇ ಇಲ್ಲ. ೧೮೯೧ರಲ್ಲಿ ಮರಳಿ ಬಂದ ಮೇಲೆಯೇ ಅವರಿಗೆ ಗೊತ್ತಾದದ್ದು. ನಮ್ಮ ಓಣಿಯ ತಾಯಂದಿರು ಬೇರೆಯೇನು ಮಾಡುತ್ತಾರೆ? ತೊಗರಿಗೆ ನೆಟೆರೋಗ ಬಿದ್ದು ಹೊಲ ಒಣಗಿ ನಿಂತಿದ್ದರೂ, ಫೋನಿನಲ್ಲಿ ಮಗನ ಮುಖ ಕಂಡೊಡನೆ ಸೆರಗಿನಿಂದ ಮುಖ ಒರೆಸಿಕೊಂಡು "ಎಲ್ಲಾ ಛಲೋ ಅದ ನಮ್ಮಪ್ಪಾ, ನೀ ಉಂಡೇನು?" ಅನ್ನುತ್ತಾರೆ. ಅವನು ಆ ಕಡೆಯಿಂದ ರೊಟ್ಟಿಯ ಕಥೆ ಹೇಳುತ್ತಾನೆ. ಎರಡೂ ಕಡೆಯವರಿಗೆ ಇನ್ನೊಬ್ಬರು ಪೂರ್ತಿ ಹೇಳುತ್ತಿಲ್ಲವೆಂದು ಗೊತ್ತು. ಗೊತ್ತಿದ್ದೂ ನಗುತ್ತಾರೆ. ಇಬ್ಬರಿಗೂ ಗೊತ್ತಿರುವ ಮರೆಮಾಚನ್ನು ಮೋಸ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಸಾವಿರಾರು ಮೈಲಿ ದೂರದ ತಾಯಿ ಆ ನೋವನ್ನು ತಿಳಿದು ಮಾಡುವುದೇನೂ ಇಲ್ಲ. ರಾತ್ರಿ ನಿದ್ದೆಗೆಡುವುದೊಂದೇ ಅವಳ ಪಾಲಿನ ಕೆಲಸ.

ಸತ್ಯವೆಂದರೆ ಸತ್ಯ, ಅದರಲ್ಲಿ ರಿಯಾಯಿತಿ ಇಲ್ಲ ಎನ್ನುವವರೂ ಇದ್ದಾರೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ೧೭೯೭ರಲ್ಲಿ ಬರೆದ ಲೇಖನವೊಂದರಲ್ಲಿ, ಗೆಳೆಯನನ್ನು ಕೊಲ್ಲಲು ಬಂದವನು ಕೇಳಿದರೂ ಸುಳ್ಳು ಹೇಳಬಾರದು ಎಂದು ವಾದಿಸಿದ. ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಪುಣ್ಯಕೋಟಿ ಇದ್ದಾಳೆ. ತರಗತಿಯಲ್ಲಿ ಆ ಹಾಡು ಹೇಳಿಕೊಡುವಾಗ ನಾವೆಲ್ಲ ಹುಲಿಗೆ ಕೊಟ್ಟ ಮಾತನ್ನೇ ಒತ್ತಿ ಹೇಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅವಳು ದೊಡ್ಡಿಗೆ ಬಂದು ಕರುವಿಗೆ ಹೇಳಿದ್ದು. ಈಗ ಬಂದೆ ಎಂದು ಮುದ್ದಿಸಿ ಹೋಗಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿದಳು. ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿದಳು. ಏಕೆಂದರೆ ನಾಳೆಯಿಂದ ಬದುಕಬೇಕಾದದ್ದು ಆ ಕರು. ಅದು ತಿಳಿಯದೆ ಇರುವಂತಿಲ್ಲ.

ನನ್ನ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿದ್ದು ಇಲ್ಲಿ. ನಮ್ಮ ಮಾತನ್ನು ನಂಬಿ ಮುಂದೆ ಹೆಜ್ಜೆಯಿಡುವವರು ಯಾರೋ, ಪೂರ್ತಿ ಸತ್ಯದ ಹಕ್ಕು ಅವರದು.

ಒಂದು ಸಣ್ಣ ಉದಾಹರಣೆ. ನಮ್ಮಲ್ಲಿ ಹೋಳಿಗೆಗೂ ಉಂಡಿಗೂ ಕಸಕಸಿ ಬೇಕೇ ಬೇಕು. ದುಬೈಗೆ ಹೊರಟ ಮಗನಿಗೆ ತಾಯಿಯೊಬ್ಬಳು ಕಾಲು ಕಿಲೋ ಕಸಕಸಿ ಕಟ್ಟಿಕೊಟ್ಟಿದ್ದಳು. ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಪಕ್ಕದವನು ಎಚ್ಚರಿಸಿದಾಗ ಹುಡುಗ ಪೆಟ್ಟಿಗೆ ಬಿಚ್ಚಿ, ಅಂಗಿ ಚಡ್ಡಿಯನ್ನೆಲ್ಲ ನೆಲಕ್ಕೆ ಹರವಿ, ಪೊಟ್ಟಣ ಹುಡುಕಿ ಕಸದ ಡಬ್ಬಿಗೆ ಹಾಕಿದ. ಈ ಕಥೆ ಹೇಳುವಾಗ ಅವನ ಚಡ್ಡಿಯ ಬಣ್ಣದ ವರ್ಣನೆಗೇ ಹತ್ತು ನಿಮಿಷ ಬೇಕು. ಆದರೆ ಗಸಗಸೆ ಯು.ಎ.ಇ.ಯಲ್ಲಿ ಮಾದಕ ವಸ್ತುಗಳ ಕಾನೂನಿಗೆ ಒಳಪಟ್ಟದ್ದು, ಅಡುಗೆಗೆಂದು ಒಯ್ದವರೂ ಜೈಲು ಕಂಡಿದ್ದಾರೆ ಎಂಬ ಮಾತು ಆ ನಗುವಿನಲ್ಲಿ ಬಿಟ್ಟುಹೋದರೆ, ಕೇಳಿ ನಕ್ಕ ಇನ್ನೊಬ್ಬ ತಾಯಿ ಮುಂದಿನ ತಿಂಗಳು ಮತ್ತೆ ಕಟ್ಟಿಕೊಡುತ್ತಾಳೆ.

ದೊಡ್ಡ ಉದಾಹರಣೆಯನ್ನು ನಮ್ಮ ಜಿಲ್ಲೆಯೇ ಕಂಡಿದೆ. ೨೦೨೩ರ ಕೊನೆಗೆ ಕಲಬುರಗಿ ಜಿಲ್ಲೆಯ ಕೆಲವು ತರುಣರು ಒಳ್ಳೆಯ ಸಂಬಳದ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದರು. ಹೊರದೇಶದ ಕೆಲಸಗಳನ್ನು ಬಣ್ಣಿಸುವ ಯೂಟ್ಯೂಬ್ ವಿಡಿಯೋಗಳು ಅವರನ್ನು ಆ ಏಜೆಂಟರ ತನಕ ಒಯ್ದಿದ್ದವು. ಹೋಗಿ ಮುಟ್ಟಿದ್ದು ಉಕ್ರೇನಿನ ಯುದ್ಧಭೂಮಿಗೆ. ೨೦೨೪ರ ಫೆಬ್ರವರಿಯಲ್ಲಿ ಸುದ್ದಿ ಬಯಲಾಯಿತು. ಸೆಪ್ಟೆಂಬರಿನಲ್ಲಿ ಅವರು ಜೀವಸಹಿತ ಮನೆ ಸೇರಿದರು. ಅದೇ ರೀತಿ ಹೋದ ಗುಜರಾತಿನ ತರುಣನೊಬ್ಬ ಅಲ್ಲಿಯೇ ಸತ್ತ. ನಗುಮುಖದಿಂದ ಹೇಳಿದ ಅರ್ಧ ಮಾತಿಗೆ ಇಷ್ಟು ಬೆಲೆ ತೆರಬೇಕಾಗಬಹುದು. ಆ ಏಜೆಂಟರನ್ನೂ ನಮ್ಮ ಓಣಿಯ ಹುಡುಗರನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಒಬ್ಬರದು ವ್ಯಾಪಾರ, ಇನ್ನೊಬ್ಬರದು ಮಮತೆ. ಆದರೆ ಪರದೇಶವೆಂದರೆ ಬರಿ ಮೋಜು ಎಂದು ಕೇಳುತ್ತ ಬೆಳೆದ ಕಿವಿ, ಆ ವ್ಯಾಪಾರದ ಮಾತನ್ನೂ ಸುಲಭವಾಗಿ ನಂಬುತ್ತದೆ.

ಈ ಭೇದವನ್ನು ಬಲ್ಲ ಒಬ್ಬ ಹುಡುಗನನ್ನು ನಾನು ಕಂಡಿದ್ದೇನೆ. ಚಿತ್ತಾಪುರ ಕಡೆಯವನು, ಕತಾರಿನಲ್ಲಿ ಕೆಲಸ. ರಜೆಗೆ ಬಂದಾಗ ತಾಯಿಯೆದುರು ಅವನ ಬಾಯಲ್ಲಿ ಬರಿ ಪಠಾಣರ, ಒಂಟೆಗಳ ಕಥೆ. ಒಂದು ದಿನ ತಮ್ಮ ಪಾಸ್‌ಪೋರ್ಟಿನ ಅರ್ಜಿ ಹಿಡಿದು ನನ್ನ ಹತ್ತಿರ ಸಹಿ, ಸಲಹೆ ಎಂದು ಬಂದ. ಹಿಂದೆಯೇ ಅಣ್ಣನೂ ಬಂದ. ನಮ್ಮ ಮಾಳಿಗೆಯ ಮೇಲೆ ಕೂತು ಅವನು ತಮ್ಮನಿಗೆ ಒಂದು ತಾಸು ಮಾತಾಡಿದ. ಒಂದು ಕೋಣೆಯಲ್ಲಿ ಎಂಟು ಜನ. ಮೊದಲ ಮಾಲೀಕ ಪಾಸ್‌ಪೋರ್ಟು ಕಸಿದಿಟ್ಟುಕೊಂಡದ್ದು. ನಾಲ್ಕು ತಿಂಗಳು ಸಂಬಳ ಬಾರದೆ ಸಾಲ ಮಾಡಿ ಊರಿಗೆ ಹಣ ಕಳಿಸಿದ್ದು. ತಮ್ಮ ಬಿಟ್ಟಗಣ್ಣು ಬಿಟ್ಟು ಕೇಳಿದ. ನಾನೂ ನನಗೆ ತಿಳಿದದ್ದನ್ನು ಸೇರಿಸಿದೆ: ೧೯೮೩ರ ವಲಸೆ ಕಾಯ್ದೆಯ ಪ್ರಕಾರ ಏಜೆಂಟನಿಗೆ ಸರ್ಕಾರದ ನೋಂದಣಿ ಇರಬೇಕು, ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕು, ಪ್ರವಾಸದ ವೀಸಾದ ಮೇಲೆ ಹೋಗಿ ಆಮೇಲೆ ಕೆಲಸ ಹಿಡಿ ಎನ್ನುವವನನ್ನು ನಂಬಬಾರದು. ತಮ್ಮ ಹೋಗದೆ ಉಳಿಯಲಿಲ್ಲ, ಹೋದನೇ. ಆದರೆ ಕರಾರು ಪತ್ರ ಓದಿಸಿಕೊಂಡು, ನಕಲು ಮನೆಯಲ್ಲಿಟ್ಟು ಹೋದ. ಅಂದು ಸಂಜೆ ಅಣ್ಣ ಕಟ್ಟೆಯ ಮೇಲೆ ತಾಯಿಗೆ ಮತ್ತೆ ಒಂಟೆಯ ಕಥೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಅವನನ್ನು ಎರಡು ನಾಲಿಗೆಯವನೆಂದು ನಾನು ಕರೆಯಲಾರೆ.

ಕೇಳುವವರಿಗೂ ಇದರಲ್ಲಿ ಪಾಲಿದೆ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗಿ ಬಂದವರನ್ನು ನಾವು ಯಾರೂ ಖುರ್ಚಿ ಹಾಕಿ ಕೂಡಿಸಿ ಕಥೆ ಕೇಳುವುದಿಲ್ಲ. ವಿಮಾನ ಹತ್ತಿ ಬಂದವನಿಂದ ಮಾತ್ರ ನಗೆ ಬೇಕು ನಮಗೆ. ನಮಗೆ ಬೇಕಾದದ್ದನ್ನೇ ಅವನು ಕೊಡುತ್ತಾನೆ. ಆದ್ದರಿಂದ ನಗೆಕಥೆ ಕೇಳಿ ಮನಸಾರೆ ನಗಬೇಕು. ಅದು ಅವನ ಕಷ್ಟದ ದುಡಿಮೆಯ ಉಡುಗೊರೆ. ಆದರೆ ಮನೆಯಲ್ಲಿ ಪೆಟ್ಟಿಗೆ ಕಟ್ಟಲು ಕಾದಿರುವ ಇನ್ನೊಬ್ಬ ಹುಡುಗನಿದ್ದರೆ, ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಬೇಕು: "ಉಳಿದದ್ದೂ ಹೇಳಪ್ಪಾ, ಇವಗ ಬೇಕಾಗ್ಯದ."