ಬಡಾವಣೆಯ ಗಡಿ, ನೆರೆಯ ಧರ್ಮ

ಒಂದು ಬಡಾವಣೆಯ ಅಥವಾ ಅಪಾರ್ಟ್‌ಮೆಂಟಿನ ಮನೆಯವರು ತಮ್ಮ ನಿತ್ಯದ ಸಾಮೂಹಿಕ ಅಗತ್ಯಗಳಿಗಾಗಿ ಕಟ್ಟಿಕೊಳ್ಳುವ ಕೂಟವೇ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. ಉರಿಯದ ಬೀದಿದೀಪ, ಕಟ್ಟಿಕೊಂಡ ಚರಂಡಿ, ಬಾರದ ಕಾವೇರಿ ನೀರು, ಒತ್ತುವರಿಯಾದ ಪಾರ್ಕು, ಬೀದಿನಾಯಿಗಳ ಕಾಟ, ಗಣೇಶನ ಪೆಂಡಾಲು, ನವೆಂಬರಿನ ರಾಜ್ಯೋತ್ಸವ ಎಲ್ಲವೂ ಅದರ ಪಾಲಿಗೆ ಬರುತ್ತವೆ. ಕರ್ನಾಟಕದಲ್ಲಿ ಬಡಾವಣೆಯ ಸಂಘಗಳು ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ಅಪಾರ್ಟ್‌ಮೆಂಟುಗಳಿಗೆ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ. 1992ರ 74ನೆಯ ಸಂವಿಧಾನ ತಿದ್ದುಪಡಿ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೆ ದಾರಿ ತೆರೆಯಿತು. ಮುಂದೆ ಬೆಂಗಳೂರಿನ ವಾರ್ಡ್ ಸಮಿತಿಗಳಲ್ಲಿ ಈ ಸಂಘಗಳ ಪ್ರತಿನಿಧಿಗಳಿಗೂ ಜಾಗ ಸಿಕ್ಕಿತು.

ಇಷ್ಟೇ ಆಗಿದ್ದರೆ ಇದು ಆಡಳಿತದ ವಿಷಯವಾಗಿ ಮುಗಿಯುತ್ತಿತ್ತು. ಆದರೆ ಬೈಲಾದ ಮೊದಲ ಪುಟದಲ್ಲೇ, ಸದಸ್ಯರು ಯಾರು ಎಂದು ಬರೆಯುವಾಗ, ಧರ್ಮಚಿಂತನೆಯ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ: ನೆರೆಯವರೆಂದರೆ ಯಾರು? ಒಡೆತನದ ಕಾಯ್ದೆಯ ಉತ್ತರದಲ್ಲಿ ಅಡ್ಡಮಾತಿಲ್ಲ. ಮಾಲೀಕರೇ ಸದಸ್ಯರು. ಹತ್ತು ವರ್ಷದಿಂದ ಅದೇ ಮನೆಯಲ್ಲಿ ಬಾಡಿಗೆಗಿರುವ ಕುಟುಂಬಕ್ಕೆ ಮತವಿಲ್ಲ. ಅಮೆರಿಕದಲ್ಲಿ ನೆಲೆಸಿ, ಫ್ಲ್ಯಾಟಿನ ಬೀಗವನ್ನೇ ತೆಗೆಯದ ಒಡೆಯರಿಗೆ ಇದೆ. ಬೆಳಗ್ಗೆ ಆರಕ್ಕೆ ಬಂದು ನಾಲ್ಕು ಮನೆಗಳ ಪಾತ್ರೆ ತೊಳೆಯುವ ಹೆಂಗಸು, ರಾತ್ರಿಯೆಲ್ಲ ಗೇಟು ಕಾಯುವವರು, ಬೀದಿ ಗುಡಿಸುವ ಪೌರಕಾರ್ಮಿಕರು, ಮೂಲೆಯ ಇಸ್ತ್ರಿ ಅಂಗಡಿಯವರು ಯಾವ ಪಟ್ಟಿಯಲ್ಲೂ ಇಲ್ಲ. ಆಸ್ತಿ ನೋಡಿಕೊಳ್ಳುವ ಕೆಲಸಕ್ಕೆ ಇಂಥ ವ್ಯಾಖ್ಯೆ ಬೇಕು ನಿಜ. ಮೇಂಟೆನೆನ್ಸ್ ಹಣ ಕೊಡುವವರೇ ಅದರ ಲೆಕ್ಕ ಕೇಳಬೇಕಾದವರು. ತೊಡಕು ಶುರುವಾಗುವುದು ಅದೇ ಪಟ್ಟಿಯನ್ನು ಇಡೀ ಸಮುದಾಯವೆಂದು ಭಾವಿಸಿಕೊಂಡಾಗ.

ಇದೇ ಪ್ರಶ್ನೆಗೆ ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಉತ್ತರ ಬೇರೆ. ಭಿಕ್ಷುಸಂಘವು ಯಾವುದೇ ವಿಧಿವತ್ತಾದ ತೀರ್ಮಾನ ಕೈಗೊಳ್ಳಬೇಕಾದರೆ ಮೊದಲು ಸೀಮೆ ಗುರುತಿಸಬೇಕು. ಬೆಟ್ಟ, ಬಂಡೆ, ಮರ, ಹುತ್ತ, ದಾರಿ, ನದಿಯಂಥ ಎದ್ದು ಕಾಣುವ ಗುರುತುಗಳೇ ಅದರ ಎಲ್ಲೆ. ಆ ಎಲ್ಲೆಯೊಳಗೆ ಅಂದು ಇರುವ ಪ್ರತಿ ಭಿಕ್ಷುವೂ, ನಿನ್ನೆಯಷ್ಟೇ ಬಂದ ಅತಿಥಿಯಾದರೂ, ಸಭೆಗೆ ಸೇರಿದವನೇ. ಕಾಯಿಲೆಯಿಂದ ಬರಲಾಗದವನು ಇನ್ನೊಬ್ಬನ ಮೂಲಕ ಸಮ್ಮತಿ ಕಳಿಸಬೇಕು. ಅದೂ ಆಗದಿದ್ದರೆ ಅವನನ್ನು ಮಂಚದ ಸಮೇತ ಸಭೆಗೆ ಹೊತ್ತು ತರಬೇಕು, ಇಲ್ಲವೇ ಸಂಘವೇ ಅವನ ಬಳಿಗೆ ಹೋಗಬೇಕು. ಒಬ್ಬನನ್ನು ಬಿಟ್ಟು ನಡೆಸಿದ ಉಪೋಸಥ, ಅಂದರೆ ಪಕ್ಷಕ್ಕೊಮ್ಮೆ ಸೇರುವ ಸಭೆ, ಸಲ್ಲದು. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿ, ಮತ್ತೆ ಇದ್ದಷ್ಟೇ ಜನರಲ್ಲಿ ನಿರ್ಣಯ ಮುಗಿಸುವ ವಾರ್ಷಿಕ ಮಹಾಸಭೆಗಳಿಗೂ ಈ ನಿಯಮಕ್ಕೂ ಬಹಳ ದೂರ. ವಿನಯದ ಲೆಕ್ಕದಲ್ಲಿ ಒಬ್ಬನು ಸಂಘಕ್ಕೆ ಸೇರುವುದು ಅಲ್ಲಿ ಇರುವುದರಿಂದ; ಏನನ್ನೋ ಹೊಂದಿರುವುದರಿಂದಲ್ಲ. ವಿಹಾರದ ಕಟ್ಟಡ, ಮಂಚ, ಪೀಠಗಳೂ ಅಲ್ಲಿ ವಾಸಿಸುವವರ ಸ್ವತ್ತಲ್ಲ. ಅವು ನಾಲ್ಕು ದಿಕ್ಕಿನ ಸಂಘಕ್ಕೆ, ಬಂದವರಿಗೂ ಇನ್ನೂ ಬರಬೇಕಾದವರಿಗೂ ಸೇರಿದವು. ಬತ್ತುತ್ತಿರುವ ಬೋರ್‌ವೆಲ್ಲಿನ ಮುಂದೆ ನಿಂತ ಬೆಂಗಳೂರಿನ ಬಡಾವಣೆಗೆ, ಇನ್ನೂ ಬಾರದವರೂ ಹಕ್ಕುದಾರರೆಂಬ ಈ ಮಾತು ನೇರವಾಗಿ ತಟ್ಟಬೇಕಾದದ್ದು.

ಈ ವ್ಯವಸ್ಥೆಗೂ ಮಿತಿಯಿತ್ತು ಎಂಬುದನ್ನು ಮರೆಯಬಾರದು. ಲೆಕ್ಕಕ್ಕೆ ಬರುತ್ತಿದ್ದವರು ದೀಕ್ಷೆ ಪಡೆದವರು ಮಾತ್ರ. ವಿಹಾರದ ತೋಟ, ಅಂಗಳಗಳಲ್ಲಿ ದುಡಿಯುತ್ತಿದ್ದ ಆರಾಮಿಕರು ಸೀಮೆಯೊಳಗಿದ್ದೂ ಸಭೆಯ ಹೊರಗಿದ್ದರು. ಆದರೂ ಮಹಾಪರಿನಿಬ್ಬಾಣ ಸುತ್ತವೆಂಬ ಬೌದ್ಧ ಗ್ರಂಥದಲ್ಲಿ ಬುದ್ಧ ವಜ್ಜಿ ಗಣರಾಜ್ಯದವರು ಕ್ಷೀಣಿಸದಿರಲು ಏಳು ಕಾರಣಗಳನ್ನು ಎಣಿಸುತ್ತಾನೆ. ಮೇಲಿಂದ ಮೇಲೆ ಸೇರುವುದು, ಒಮ್ಮತದಿಂದ ಸೇರಿ ಒಮ್ಮತದಿಂದ ಏಳುವುದು ಅವುಗಳಲ್ಲಿ ಮೊದಲಿನವು. ಹಿರಿಯರ ಮಾತಿಗೆ ಕಿವಿಗೊಡುವುದು, ಹೆಂಗಸರ ಮೇಲೆ ಬಲಾತ್ಕಾರ ನಡೆಸದಿರುವುದು ಸಹ ಅದೇ ಪಟ್ಟಿಯಲ್ಲಿವೆ. ಸಭೆ ಚೆನ್ನಾಗಿ ನಡೆದರಷ್ಟೇ ಸಾಲದು, ಸಭೆಯಲ್ಲಿ ದನಿಯಿಲ್ಲದವರ ಗತಿ ಏನಾಯಿತು ಎಂಬುದೂ ಊರಿನ ಆರೋಗ್ಯಕ್ಕೆ ಸೇರಿದ್ದು ಎಂಬ ಅರಿವು ಅಲ್ಲಿದೆ.

ಗೇಟಿನ ವಿಚಾರವನ್ನೇ ಎತ್ತಿಕೊಂಡು ಚರ್ಚಿಸಿದ್ದು ಯೆಹೂದಿ ಪರಂಪರೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ನಿಯಮಸಂಗ್ರಹವಾದ ಮಿಶ್ನಾದ ಬಾವಾ ಬತ್ರಾ ಭಾಗದಲ್ಲಿ ಒಂದು ನಿಯಮವಿದೆ. ಒಂದೇ ಅಂಗಳವನ್ನು ಹಂಚಿಕೊಂಡ ಮನೆಗಳವರು ಕಾವಲುಮನೆಯನ್ನೂ ಬಾಗಿಲನ್ನೂ ಕಟ್ಟಿಸಲು ಪಾಲು ಕೊಡುವಂತೆ ಪರಸ್ಪರ ಒತ್ತಾಯಿಸಬಹುದು. ಊರಿನವರು ಗೋಡೆ, ಬಾಗಿಲು, ಅಗುಳಿಗೆ ಹಾಗೆಯೇ ಒತ್ತಾಯಿಸಬಹುದು. ಇಂದಿನ ಮೇಂಟೆನೆನ್ಸ್ ವಂತಿಗೆಯ ಹಿಂದಿರುವ ತರ್ಕವೂ ಇದೇ. ಆದರೆ ಈ ನಿಯಮವನ್ನು ವಿವರಿಸುವ ತಾಲ್ಮುಡ್ ಅಲ್ಲಿಯೇ ತಡೆದು ನಿಲ್ಲುತ್ತದೆ. ಕಾವಲುಮನೆ ನಿಜಕ್ಕೂ ಒಳಿತೇ ಎಂದು ಕೇಳಿ ಒಂದು ಕಥೆ ಹೇಳುತ್ತದೆ. ಒಬ್ಬ ಧರ್ಮಭೀರುವಿನ ಜೊತೆ ಪ್ರವಾದಿ ಎಲೀಯ ಬಂದು ಮಾತಾಡುತ್ತಿದ್ದನಂತೆ. ಆ ಮನುಷ್ಯ ತನ್ನ ಅಂಗಳಕ್ಕೆ ಕಾವಲುಮನೆ ಕಟ್ಟಿಸಿದ ಮೇಲೆ ಎಲೀಯ ಬರುವುದನ್ನೇ ನಿಲ್ಲಿಸಿಬಿಟ್ಟ. ವ್ಯಾಖ್ಯಾನಕಾರ ರಾಶಿ ಕೊಡುವ ಕಾರಣ: ಬಾಗಿಲಲ್ಲಿ ನಿಂತು ಕೂಗುವ ಬಡವರ ದನಿ ಇನ್ನು ಒಳಗೆ ಕೇಳದು.

ಕಥೆ ಹೇಳಿ ಗೇಟನ್ನೇ ನಿಷೇಧಿಸುವುದು ಸುಲಭವಿತ್ತು. ತಾಲ್ಮುಡ್ ಹಾಗೆ ಮಾಡುವುದಿಲ್ಲ. ಗೇಟಿನ ರಚನೆಯನ್ನು ಪರಿಶೀಲಿಸತೊಡಗುತ್ತದೆ. ಕಾವಲುಮನೆ ಅಂಗಳದ ಒಳಗಿದೆಯೋ ಹೊರಗಿದೆಯೋ? ಅದಕ್ಕೆ ಬಾಗಿಲು ಇದೆಯೋ ಇಲ್ಲವೋ? ಬಾಗಿಲು ಇದ್ದರೆ ಅದನ್ನು ತೆರೆಯುವ ಸಾಧನ ಒಳಗಿದೆಯೋ ಹೊರಗಿದೆಯೋ? ಹೊರಗೆ ನಿಂತ ಬಡವನು ತಾನೇ ತೆರೆಯಬಲ್ಲ ಬಾಗಿಲಾದರೆ ತೊಂದರೆಯಿಲ್ಲ. ಭದ್ರತೆಯ ಅಗತ್ಯವನ್ನು ಒಪ್ಪಿಕೊಂಡೂ ಹೊರಗಿನವರ ಕೂಗಿಗೆ ದಾರಿ ಬಿಟ್ಟ ಇಷ್ಟು ಸೂಕ್ಷ್ಮವಾದ ತೀರ್ಪು ಧರ್ಮಶಾಸ್ತ್ರಗಳಲ್ಲಿ ಅಪರೂಪ. ಬೆಂಗಳೂರಿನ ಅನೇಕ ಕಡೆ ಮನೆಗೆಲಸದವರ ಚೀಲ ತಪಾಸಣೆ, ಅವರಿಗೇ ಬೇರೆ ಲಿಫ್ಟು, ಪಾರ್ಕಿನ ಬೆಂಚಿನಲ್ಲಿ ಕೂರದಂತೆ ಸೂಚನೆ ಇವೆಲ್ಲ ಭದ್ರತೆಯ ಹೆಸರಿನಲ್ಲೇ ಬಂದಿವೆ. ತಾಲ್ಮುಡಿನ ಕ್ರಮದಲ್ಲಿ ಇವನ್ನು ಒಂದೊಂದಾಗಿ ಕೇಳಿ ನೋಡಬಹುದು: ಇದರಿಂದ ತಪ್ಪಿದ ಅಪಾಯ ಯಾವುದು, ಕೇಳದೆ ಹೋದ ದನಿ ಯಾರದು? ಬೇರೆ ಲಿಫ್ಟಿನ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲ. ಅದು ಮಡಿ–ಮೈಲಿಗೆಯ ಹಳೆಯ ರೂಢಿ. ಈಗ ಅದಕ್ಕೆ ಬಟನ್ ಬಂದಿದೆ, ಅಷ್ಟೇ. ಅನುಮೋದಿತ ಬಡಾವಣೆಯ ರಸ್ತೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾದ ಮೇಲಂತೂ ಅದು ಸಾರ್ವಜನಿಕ ರಸ್ತೆ. ಗೇಟು ಹಾಕಿ ಜನರನ್ನು ತಡೆಯುವ ಹಕ್ಕು ಸಂಘಕ್ಕೆ ಇಲ್ಲ.

ತಾಲ್ಮುಡಿನ ಅದೇ ಭಾಗದಲ್ಲಿ ಇನ್ನೊಂದು ಕ್ರಮವಿದೆ. ಹೊಸಬನು ಊರಿನವನೆನಿಸಿಕೊಳ್ಳುವುದು ಯಾವಾಗ ಎಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರವಿಲ್ಲ. ಮೂವತ್ತು ದಿನ ಇದ್ದರೆ ಬಡವರ ನಿತ್ಯದ ಊಟಕ್ಕೆ ಕೊಡಬೇಕು. ಮೂರು ತಿಂಗಳಾದರೆ ದಾನದ ನಿಧಿಗೆ. ಆರು ತಿಂಗಳಿಗೆ ಬಟ್ಟೆಗೆ, ಒಂಬತ್ತಕ್ಕೆ ಶವಸಂಸ್ಕಾರಕ್ಕೆ, ಹನ್ನೆರಡಕ್ಕೆ ಊರಗೋಡೆಗೆ. ಮನೆ ಕೊಂಡವನು ಮಾತ್ರ ಕೂಡಲೇ ಊರಿನವನಾಗುತ್ತಾನೆ. ಒಡೆತನಕ್ಕೆ ಇಲ್ಲಿ ಬೆಲೆಯಿದೆ, ಆದರೆ ಸೇರಲು ಅದೊಂದೇ ದಾರಿಯಲ್ಲ. ಕರ್ತವ್ಯಗಳ ಸರದಿಯಲ್ಲಿ ಹಸಿದವರ ಅನ್ನ ಮೊದಲು ಬರುತ್ತದೆ, ಗೋಡೆ ಕೊನೆಗೆ.

ಇಸ್ಲಾಮೀ ಪರಂಪರೆಯಲ್ಲಿ ನೆರೆಯವರ ಹಕ್ಕು ಇನ್ನೂ ವಿಸ್ತಾರವಾಗಿದೆ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ನಲವತ್ತು ನಲವತ್ತು ಮನೆಗಳವರೆಗೂ ನೆರೆಯೇ ಎಂಬ ಮಾತು ಹಸನ್ ಅಲ್ ಬಸ್ರಿಯ ಹೆಸರಿನಲ್ಲಿ ಉಳಿದು ಬಂದಿದೆ. ಪಕ್ಕದ ಆಸ್ತಿ ಮಾರಾಟಕ್ಕೆ ಬಂದಾಗ ಕೊಳ್ಳುವ ಮೊದಲ ಅವಕಾಶವನ್ನು ಹನಫಿ ನ್ಯಾಯಪದ್ಧತಿ ನೆರೆಯವರಿಗೆ ಕೊಡುತ್ತದೆ. ಲೂಕನ ಸುವಾರ್ತೆಯಲ್ಲಿ ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾನೆ. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ, ದಾರಿಯಲ್ಲಿ ಬಿದ್ದವನಿಗೆ ನೆರೆಯವನಾಗಿ ನಡೆದುಕೊಂಡವನು ಯಾರು ಎಂಬ ಮರುಪ್ರಶ್ನೆ ಸಿಗುತ್ತದೆ. ಹಾಗೆ ನಡೆದುಕೊಂಡವನು ಆ ಸಮಾಜ ದೂರವಿಟ್ಟಿದ್ದ ಸಮಾರ್ಯದವನು.

ನೆರೆಹೊರೆಯನ್ನು ಹೀಗೆ ಹೊಗಳುತ್ತ ಹೋದರೆ ಒಂದು ಬಲವಾದ ಆಕ್ಷೇಪವನ್ನು ಎದುರಿಸಲೇಬೇಕು. 1916ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನದಲ್ಲಿ ಗಾಂಧೀಜಿ ಸ್ವದೇಶಿಯನ್ನು ವಿವರಿಸಿದಾಗ ಹತ್ತಿರದವರ ಸೇವೆಯನ್ನೇ ಅದರ ತಿರುಳಾಗಿಟ್ಟರು. ಆದರೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಗುಣಗಾನವನ್ನು ಖಂಡಿಸಿ, ಅಲ್ಲಿರುವುದು ಸಂಕುಚಿತತೆ ಮತ್ತು ಕೋಮುಭಾವ ಎಂದರು. ಅವರ ಮಾತಿಗೆ ಅನುಭವದ ಆಧಾರವಿತ್ತು. ತಲೆಮಾರುಗಳ ಕಾಲ ಅಕ್ಕಪಕ್ಕದಲ್ಲೇ ಇದ್ದವರು ಒಂದೇ ಬಾವಿಯ ನೀರು ಮುಟ್ಟುವಂತಿರಲಿಲ್ಲ. ಹತ್ತಿರವಿದ್ದ ಮಾತ್ರಕ್ಕೆ ಬಾಂಧವ್ಯ ಹುಟ್ಟುವುದಿಲ್ಲ. ಎಷ್ಟೋ ಸಲ ಆ ಸಾಮೀಪ್ಯವೇ ಕಣ್ಗಾವಲಾಗುತ್ತದೆ. 1936ರ 'ಜಾತಿ ವಿನಾಶ'ದಲ್ಲಿ ಅವರು ಗುರುತಿಸಿದ ಕೇಡು ಬಡಾವಣೆಯ ಸಂಘಕ್ಕೂ ಅನ್ವಯಿಸುತ್ತದೆ: ತನ್ನದೇ ಹಿತಾಸಕ್ತಿ ಕಾಯ್ದುಕೊಂಡು ಉಳಿದವರೊಂದಿಗೆ ಬೆರೆಯದ ಗುಂಪು ಸಮಾಜವಿರೋಧಿಯಾಗುತ್ತದೆ.

ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ ಗುಂಪೊಂದು ಹೊರಗಿನವರನ್ನು ದೂರವಿಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೂ ಬಂತು. ಸದಸ್ಯತ್ವ ಪಾರ್ಸಿಗಳಿಗಷ್ಟೇ ಎಂಬ ಬೈಲಾವನ್ನು 2005ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದಲ್ಲಿ ಯಾರೊಡನೆ ಎಂದು ಆರಿಸಿಕೊಳ್ಳುವುದೂ ಸೇರಿದೆ ಎಂಬುದು ಅದರ ತರ್ಕ. ಸಣ್ಣ ಸಮುದಾಯವೊಂದು ಉಳಿಯಲು ಬಯಸುವುದು ಅರ್ಥವಾಗುವಂಥದ್ದೇ. ಆದರೆ ಇದೇ ತರ್ಕ ಬಹುಸಂಖ್ಯಾತರ, ಮೇಲ್ಜಾತಿಗಳ ಕೈಗೆ ಸಿಕ್ಕಾಗ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬಾಡಿಗೆ ಫಲಕವಾಗುತ್ತದೆ, ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲವಾಗುತ್ತದೆ. ಗೆಳೆಯರನ್ನು ಆರಿಸಿಕೊಳ್ಳಬಹುದು. ನೆರೆಯವರು ಆರಿಸದೆ ಸಿಗುವವರು. ಹಾಗೆ ಸಿಕ್ಕವರೊಡನೆ ಬಾಳುವುದರಲ್ಲೇ ನೆರೆಯ ಧರ್ಮದ ತೂಕವಿದೆ. ಇದು ಎಷ್ಟು ಕಷ್ಟವೆಂಬುದು ಕನ್ನಡ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಾನಾ ಕಾಯಕದವರು ಒಟ್ಟಿಗೆ ಕೂತು ಚಿಂತಿಸಿದರು, ದಾಸೋಹದಲ್ಲಿ ಒಟ್ಟಿಗೆ ಉಂಡರು. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮನೆಗಳ ನಡುವೆ ಮದುವೆಯ ಸಂಬಂಧ ಬೆಳೆದಾಗ ಮಾತ್ರ ರಕ್ತ ಹರಿಯಿತೆಂದು ಶರಣ ಪರಂಪರೆ ನೆನೆಯುತ್ತದೆ. ಸಭೆಯಲ್ಲಿ ಸಮಾನತೆಯನ್ನು ಸಹಿಸಿದ ವ್ಯವಸ್ಥೆ, ಅದು ಹೊಸ್ತಿಲು ದಾಟಿದ್ದನ್ನು ಸಹಿಸಲಿಲ್ಲ.

ನೆರೆಯ ವ್ಯಾಪ್ತಿ ಮನುಷ್ಯರಿಗೇ ನಿಲ್ಲುವುದೇ ಎಂಬುದೂ ಈಗ ಸಂಘಗಳ ಸಭೆಗೆ ಬರುವ ವಿಷಯ. ಸಂವಿಧಾನದ 51ಎ ವಿಧಿ ಜೀವಿಗಳ ಮೇಲಿನ ಕರುಣೆಯನ್ನು ಪೌರರ ಕರ್ತವ್ಯಗಳಲ್ಲಿ ಸೇರಿಸಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಊಟ ಹಾಕುವ ಜಾಗ, ಹೊತ್ತು ಗೊತ್ತುಮಾಡುವ ಹೊಣೆಯನ್ನು ನಿವಾಸಿ ಸಂಘಗಳಿಗೂ ವಹಿಸಿದವು. ಮಕ್ಕಳು ಆಡುವ ಕಡೆ, ಮೆಟ್ಟಿಲ ಬಳಿ ಊಟ ಹಾಕದಂತೆ ನೋಡಿಕೊಳ್ಳಬೇಕೆಂದೂ ಅವು ಹೇಳುತ್ತವೆ. ಕಚ್ಚಿಸಿಕೊಂಡ ಮಗುವಿನ ತಾಯಿಯ ಭಯ, ಅನ್ನ ಹಾಕುವವರ ದಯೆ ಎರಡೂ ನಿಜವೇ ಆದ್ದರಿಂದ ಈ ಚರ್ಚೆ ಬೇಗ ಮುಗಿಯುವುದಿಲ್ಲ.

ಗಡಿಯ ಪ್ರಶ್ನೆ ಅತ್ಯಂತ ನಿಚ್ಚಳವಾಗಿ ಕಾಣುವುದು ಕಸದಲ್ಲಿ. ಬಡಾವಣೆ ಸ್ವಚ್ಛವಾಗಿರಲೆಂದು ಹೊರಗೆ ಸಾಗಿಸಿದ ಕಸ ಇನ್ನೊಬ್ಬರ ಊರಿಗೆ ಹೋಗಿ ಬೀಳುತ್ತದೆ. ಬೆಂಗಳೂರಿನ ಬೆರಕೆ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಯಿತು. ಅಲ್ಲಿಯವರು ಕೆಟ್ಟ ನೀರು, ನಾತ, ನೊಣ, ಕಾಯಿಲೆಗಳ ನಡುವೆ ಬದುಕಿದರು. ಅವರ ಹೋರಾಟದಿಂದ 2012ರಲ್ಲಿ ಮಾವಳ್ಳಿಪುರದಲ್ಲಿ, 2014ರ ಕೊನೆಗೆ ಮಂಡೂರಿನಲ್ಲಿ ಕಸ ಸುರಿಯುವುದು ನಿಂತಿತು. ಬಳಿಕ ಲಾರಿಗಳು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳತ್ತ ತಿರುಗಿದವು. ಬಡಾವಣೆಯ ಯಾವ ಬೈಲಾದಲ್ಲೂ ಈ ಊರುಗಳ ಹೆಸರಿಲ್ಲ. ಆದರೂ ಅಡುಗೆಮನೆಯ ಡಬ್ಬ ಅವರನ್ನು ನೆರೆಯವರನ್ನಾಗಿ ಮಾಡಿದೆ: ಒಬ್ಬರ ನಡೆ ಇನ್ನೊಬ್ಬರ ಉಸಿರಿಗೆ ತಾಗುವಲ್ಲಿ ನೆರೆಯ ಸಂಬಂಧ ಇದ್ದೇ ಇದೆ.

ಸಂಘಗಳು ಇಲ್ಲಿ ಮಾಡಬಲ್ಲದ್ದು ಬಹಳವಿದೆ, ಮಾಡಿದ್ದೂ ಉಂಟು. ಮೂಲದಲ್ಲೇ ಕಸ ಬೇರ್ಪಡಿಸುವುದನ್ನು ಕರ್ನಾಟಕ ಹೈಕೋರ್ಟ್ ಕಡ್ಡಾಯಗೊಳಿಸಿತು. ಎರಡು ಡಬ್ಬ, ಒಂದು ಚೀಲದ ಪದ್ಧತಿ 2015ರ ಡಿಸೆಂಬರಿನಲ್ಲಿ ಅದರ ಆದೇಶಕ್ಕೆ ಸೇರಿತು. ಹಸಿ ಕಸಕ್ಕೆ ಹಸಿರು ಡಬ್ಬ, ನೈರ್ಮಲ್ಯದ ತ್ಯಾಜ್ಯಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಈ ಪದ್ಧತಿಗೆ ಒತ್ತಾಯಿಸಿದವರಲ್ಲಿ ಬಡಾವಣೆಗಳ ಸ್ವಯಂಸೇವಕರೂ ಇದ್ದರು. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಮನೆಗಳ ಹಸಿ ಕಸವನ್ನು ಗೊಬ್ಬರ ಮಾಡುವ ಬಗೆಗಳನ್ನು ತೋರಿಸಲೆಂದೇ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಎದ್ದು ನಿಂತಿತು. ಹಸಿ ಕಸವನ್ನು ಬಡಾವಣೆಯ ಒಳಗೇ ಗೊಬ್ಬರವಾಗಿಸುವ ಸಂಘವು ಮಿಟ್ಟಗಾನಹಳ್ಳಿಯ ಕ್ವಾರಿಗೆ ಹೋಗುವ ಕೊಳೆಯುವ ಹೊರೆಯನ್ನು ತನ್ನ ಮಟ್ಟಿಗೆ ಇಳಿಸುತ್ತದೆ. ಒಣ ಕಸವನ್ನು ಕೈಯಲ್ಲಿ ಆಯುವವರಿಗೆ ಆಗ ಸಿಗುವುದು ಕೊಳೆತ ಅನ್ನ ಮೆತ್ತದ ಕಾಗದ ಮತ್ತು ಪ್ಲಾಸ್ಟಿಕ್.